ಹಿತ್ತಲಿನ ಗಿಡ, ಸಂತೆಯ ಬುಟ್ಟಿ

ಸಾರಾಗಲಿ, ಗೊಜ್ಜಾಗಲಿ, ಟೊಮೇಟೊ ಹಣ್ಣಿಲ್ಲದೆ ಅಡುಗೆ ಸಾಗದೆಂಬ ಭಾವನೆ ಇಂದು ನಮ್ಮ ಮನೆಗಳಲ್ಲಿ ಬೇರೂರಿದೆ. ಆದರೆ ಈ ಹಣ್ಣು ನಮ್ಮ ನಾಡಿನ ಮೂಲ ಬೆಳೆಯಲ್ಲ. ಇದರ ಕಾಡುಜಾತಿಗಳ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರಾಂತ. ಮೆಕ್ಸಿಕೊ ದೇಶದ ಪ್ರಾಚೀನ ಜನರು ಇದನ್ನು ಬೆಳೆದು ಉಣ್ಣುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಯೂರೋಪಿಗೆ ಕೊಂಡೊಯ್ದ ಈ ಗಿಡ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತೆಂದು ಹೇಳುತ್ತಾರೆ. ಬದನೆ, ಆಲೂಗಡ್ಡೆ, ಮೆಣಸಿನಗಿಡಗಳು ಇದರ ಸಮೀಪದ ಬಂಧುಗಳು. ಕನ್ನಡದಲ್ಲಿ ಇದಕ್ಕೆ ಚಪ್ಪರಬದನೆ ಎಂಬ ಹೆಸರೂ ಉಂಟು. ದೂರದಿಂದ ಬಂದ ಈ ಅತಿಥಿ ಅಡುಗೆಮನೆಯನ್ನು ಎಷ್ಟು ಆಕ್ರಮಿಸಿದೆಯೆಂದರೆ, ಅದರ ಬೆಲೆ ಏರಿದ ದಿನವೇ ಗೃಹಿಣಿಗೆ ಹುಣಿಸೆಹಣ್ಣಿನ ಭರಣಿಯ ನೆನಪಾಗುವುದು.

2023ರ ಜುಲೈ ತಿಂಗಳಿನಲ್ಲಿ ಅಂಥ ದಿನಗಳು ಬಂದವು. ಅನೇಕ ನಗರಗಳಲ್ಲಿ ಒಂದು ಕಿಲೋ ಹಣ್ಣಿಗೆ ನೂರು ರೂಪಾಯಿಗೂ ಮೀರಿ ಬೆಲೆ ತೆರಬೇಕಾಯಿತು. ಮನೆಯ ಹಿತ್ತಿಲಲ್ಲಿ ನಾಲ್ಕು ಗಿಡ ನೆಟ್ಟುಕೊಂಡರೆ ಸಂತೆಯ ಹಂಗೇಕೆ ಎಂಬ ಮಾತು ಆಗ ಎಲ್ಲೆಡೆ ಕೇಳಿಬಂದಿತು. ಈ ಮಾತು ಎಷ್ಟರಮಟ್ಟಿಗೆ ಸರಿ?

ಲೆಕ್ಕ ಹಾಕಿ ನೋಡಬಹುದು. ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ ಕಾಲು ಕಿಲೋ ಹಣ್ಣು ಬೇಕೆಂದರೆ ಎರಡು ತಿಂಗಳಿಗೆ ಹದಿನೈದು ಕಿಲೋ ಆಗುತ್ತದೆ. ಚೆನ್ನಾಗಿ ನೋಡಿಕೊಂಡ ಕುಂಡದ ಗಿಡವೊಂದು ತನ್ನ ಆಯುಷ್ಯದಲ್ಲಿ ಎರಡು ಕಿಲೋ ಕೊಟ್ಟಿತೆಂದುಕೊಳ್ಳೋಣ. ಆಗ ಎಂಟು ಕುಂಡಗಳನ್ನಿಟ್ಟರೆ ಎರಡು ತಿಂಗಳು ಕಳೆಯಬಹುದು. ಆ ಮೇಲೆ ಹೊಸ ಗಿಡಗಳು ಫಲಕ್ಕೆ ಬರುವವರೆಗೆ ಮತ್ತೆ ಸಂತೆಯೇ ಗತಿ. ಕುಂಡ, ಕೆಮ್ಮಣ್ಣು, ಗೊಬ್ಬರ ಎಲ್ಲವನ್ನೂ ಹಣ ಕೊಟ್ಟು ತರುವ ಪಟ್ಟಣದ ಮನೆಗೆ ಮೊದಲ ಬೆಳೆಯ ಹಣ್ಣು ಅಗ್ಗವೆನ್ನುವಂತಿಲ್ಲ.

ಹಾಗೆಂದು ಮನೆಯ ಗಿಡ ವ್ಯರ್ಥವಲ್ಲ. ಬಿತ್ತಿದ ಬೀಜ ಒಂದು ವಾರದಲ್ಲಿ ಮೊಳೆಯುತ್ತದೆ. ಇಪ್ಪತ್ತೈದು ಮೂವತ್ತು ದಿನಗಳ ಸಸಿಯನ್ನು ಕಿತ್ತು ನೆಡಬೇಕು. ನೆಡುವಾಗ ಕಾಂಡದ ಕೆಳಭಾಗವನ್ನು ಸ್ವಲ್ಪ ಆಳವಾಗಿ ಹೂಳಿದರೆ ಅಲ್ಲಿಂದಲೂ ಬೇರು ಒಡೆದು ಗಿಡ ಬಲವಾಗುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳದ ಜಾಗದಲ್ಲಿ ಎಲೆ ಬೆಳೆದೀತು, ಹಣ್ಣಲ್ಲ. ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇರುವುದರಿಂದ ಗಾಳಿಯ ಅಲುಗಾಟಕ್ಕೆ ಪರಾಗ ಉದುರಿ ಕಾಯಿ ಕಚ್ಚುತ್ತದೆ. ಗಾಳಿಯಾಡದ ಬಾಲ್ಕನಿಯಲ್ಲಿ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕಾಗುತ್ತದೆ. ಬೇಸಿಗೆಯ ಉರಿ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೂಗಳು ಉದುರತೊಡಗುತ್ತವೆ. ಒಂದು ದಿನ ಹೆಚ್ಚು, ಮೂರು ದಿನ ಇಲ್ಲವೆಂಬಂತೆ ನೀರೆರೆದರೆ ಬೇರಿನಿಂದ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ಏರದೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ಬಿಳಿನೊಣ ಹೊತ್ತು ತರುವ ನಂಜಿನಿಂದ ಎಲೆ ಮುದುಡಿದ ಗಿಡಕ್ಕೆ ಔಷಧವಿಲ್ಲ. ಅದನ್ನು ಕಿತ್ತೊಗೆಯುವುದೊಂದೇ ದಾರಿ. ಎಂಟು ಕುಂಡಗಳಲ್ಲಿ ಎರಡನ್ನು ಹೀಗೆ ಕಳೆದುಕೊಂಡ ಮನೆಯವರು ಎಂಟು ಸಾವಿರ ಗಿಡ ನೆಟ್ಟವನ ರಾತ್ರಿಗಳನ್ನು ಊಹಿಸಿಕೊಳ್ಳಬಲ್ಲರು.

ಅಂಥ ಸಾವಿರಾರು ರೈತರನ್ನು ಕೋಲಾರ ಜಿಲ್ಲೆಯಲ್ಲಿ ಕಾಣಬಹುದು. ವರ್ಷವಿಡೀ ಹರಿಯುವ ನದಿಯಿಲ್ಲದ ಆ ಸೀಮೆಯಲ್ಲಿ ಸಾವಿರ ಅಡಿಗಿಂತ ಆಳದ ಕೊಳವೆಬಾವಿಗಳಿಂದ ನೀರೆತ್ತಿ, ಹನಿಹನಿಯಾಗಿ ಉಣಿಸಿ ಟೊಮೇಟೊ ಬೆಳೆಯುತ್ತಾರೆ. ಕೋಲಾರದ ಕೃಷಿ ಮಾರುಕಟ್ಟೆ ದೇಶದ ಅತಿ ದೊಡ್ಡ ಟೊಮೇಟೊ ಪೇಟೆಗಳಲ್ಲೊಂದು. ಹದಿನೈದು ಕಿಲೋ ತುಂಬಿದ ಬಾಕ್ಸುಗಳು ಅಲ್ಲಿ ಹರಾಜಾಗಿ ದೂರದ ರಾಜ್ಯಗಳಿಗೆ ಸಾಗುತ್ತವೆ. 2023ರ ಆ ಜುಲೈಯಲ್ಲಿ ಒಂದು ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದೂ ಉಂಟು. ಆದರೆ ಹವಾಮಾನದ ಏರುಪೇರಿಗೂ ರೋಗಕ್ಕೂ ತುತ್ತಾಗಿ ಬೆಳೆ ಕಳೆದುಕೊಂಡವರ ಕೈಗೆ ಆ ಬೆಲೆ ಎಟುಕಲಿಲ್ಲ. ಬೇರೆ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಯ ಬದಿಗೆ ಸುರಿದು ಹೋದವರುಂಟು. ಬೀಜ, ಆಸರೆಯ ಕಡ್ಡಿ, ಹುರಿ, ಕೂಲಿ, ಸಾಗಣೆ, ದಲ್ಲಾಳಿಯ ಪಾಲು ಇವೆಲ್ಲ ಕಳೆದ ಮೇಲೆ ಉಳಿದದ್ದೇ ರೈತನದು. ಈ ನಡುವಿನ ಕೈಗಳನ್ನು ತಗ್ಗಿಸಲು ರೈತಸಂತೆಗಳು ಹುಟ್ಟಿಕೊಂಡವು. ಈಗ ಹಾಪ್‌ಕಾಮ್ಸ್ ಎಂದು ಕರೆಯುವ ಬೆಳೆಗಾರರ ಸಹಕಾರ ಸಂಘ ಇದಕ್ಕಿಂತ ಮುಂಚೆಯೇ, 1959ರಲ್ಲಿ, ಬೆಂಗಳೂರಿನಲ್ಲಿ ಆರಂಭವಾಗಿತ್ತು. ಬೆಳೆದವನೇ ಬುಟ್ಟಿಯ ಮುಂದೆ ಕುಳಿತಿರುವ ಸಂತೆಯಲ್ಲಿ ಚೌಕಾಶಿಗೆ ಇಳಿಯುವ ಮುನ್ನ ಕೊಳ್ಳುವವರು ಅವನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ರುಚಿಯ ಮಾತಿನಲ್ಲಿ ಮಾತ್ರ ಹಿತ್ತಿಲು ಗೆಲ್ಲುತ್ತದೆ. ದೂರ ಸಾಗಬೇಕಾದ ಹಣ್ಣನ್ನು ಬಣ್ಣ ತಿರುಗುವ ಹಂತದಲ್ಲಿಯೇ ಕೀಳುತ್ತಾರೆ. ಅದು ದಾರಿಯಲ್ಲಿ ಕೆಂಪಾಗುತ್ತದೆ. ಸಿಪ್ಪೆ ದಪ್ಪವಿರುವ ಹೈಬ್ರಿಡ್ ತಳಿಗಳು ಈ ಪ್ರಯಾಣವನ್ನು ತಾಳಿಕೊಳ್ಳುತ್ತವೆ. ತೆಳುಸಿಪ್ಪೆಯ, ಹುಳಿ ಹೆಚ್ಚಿರುವ ನಾಟಿ ಹಣ್ಣು ತಾಳಲಾರದು. ಗಿಡದಲ್ಲಿಯೇ ಮಾಗಿದ ನಾಟಿ ಹಣ್ಣನ್ನು ಹಾಕಿದ ಸಾರಿನ ಪರಿಮಳ ಪಕ್ಕದ ಮನೆಗೂ ತಿಳಿಯುತ್ತದೆ. ಸಮೀಪದ ಹಳ್ಳಿಯ ರೈತ ಹಿಂದಿನ ಸಂಜೆ ಕಿತ್ತು ಸಂತೆಗೆ ತಂದ ಹಣ್ಣು ಇದಕ್ಕೆ ಬಹಳ ಹಿಂದೆ ಬೀಳುವುದಿಲ್ಲ. ಎರಡನ್ನೂ ಶೀತಕ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇಟ್ಟರೆ ಪರಿಮಳ ಕುಂದುತ್ತದೆ.

ಬೀಜದಲ್ಲಿಯೂ ಒಂದು ಭೇದವಿದೆ. ಹೈಬ್ರಿಡ್ ಹಣ್ಣಿನ ಬೀಜವನ್ನು ಬಿತ್ತಿದರೆ ತಾಯಿಗಿಡದಂತೆಯೇ ಮಕ್ಕಳು ಹುಟ್ಟುವುದಿಲ್ಲ. ಆದುದರಿಂದ ರೈತ ಪ್ರತಿ ಬೆಳೆಗೂ ಹೊಸ ಬೀಜ ಕೊಳ್ಳಬೇಕು. ನಾಟಿ ತಳಿಯ ಬೀಜವನ್ನಾದರೋ ಮನೆಯಲ್ಲಿಯೇ ಉಳಿಸಿಕೊಳ್ಳಬಹುದು. ಚೆನ್ನಾಗಿ ಕಳಿತ ಹಣ್ಣಿನ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ಬೀಜದ ಸುತ್ತಲಿನ ಲೋಳೆ ಕಳೆದ ಮೇಲೆ ತೊಳೆದು, ನೆರಳಿನಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಡುತ್ತಾರೆ. ತೇವ ತಾಗದಿದ್ದರೆ ಆ ಬೀಜ ಮೂರು ನಾಲ್ಕು ವರ್ಷಗಳ ತರುವಾಯವೂ ಮೊಳೆಯುತ್ತದೆ.