ಚಂಚಲ ಮನಸ್ಸಿಗೆ ಧ್ಯಾನದ ಮೆಟ್ಟಿಲು

(ಭಕ್ತಾದಿಗಳ ಮನನಕ್ಕಾಗಿ)

ಚಾಮುಂಡಿ ಬೆಟ್ಟಕ್ಕೆ ಬರುವ ಭಕ್ತರಲ್ಲಿ ನಾನಾ ಬಗೆಯವರುಂಟು. ಹರಕೆ ತೀರಿಸಲು ಬರುವವರು, ಆಷಾಢ ಶುಕ್ರವಾರದ ದರ್ಶನಕ್ಕೆಂದು ನಸುಕಿನಲ್ಲೇ ಬಂದು ಸಾಲಿನಲ್ಲಿ ನಿಲ್ಲುವವರು, ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವವರು. ಅವರವರ ಬೇಡಿಕೆ ಅವರವರಿಗೆ. ಮಗಳ ಮದುವೆ, ಮಗನ ಕೆಲಸ, ಮನೆಯವರ ಕಾಯಿಲೆ, ತೀರದ ಸಾಲ. ಆದರೆ ಈ ಎಲ್ಲ ಬೇಡಿಕೆಗಳ ಹಿಂದೆ ಇನ್ನೊಂದು ಬೇಡಿಕೆ ಇದ್ದೇ ಇರುತ್ತದೆ: “ಅಮ್ಮಾ, ಮನಸ್ಸಿಗೆ ಒಂದಿಷ್ಟು ನೆಮ್ಮದಿ ಕೊಡು.”

ವಿಚಿತ್ರವೆಂದರೆ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಗರ್ಭಗುಡಿಯ ಎದುರು ಬಂದ ಆ ಒಂದು ಗಳಿಗೆಯಲ್ಲೇ ಮನಸ್ಸು ಬೇರೆಲ್ಲೋ ಇರುತ್ತದೆ. ಚಪ್ಪಲಿ ಎಲ್ಲಿ ಬಿಟ್ಟಿದ್ದು? ಊರಿನ ಬಸ್ಸು ಎಷ್ಟೊತ್ತಿಗೆ? ಮನೆ ಬೀಗ ಸರಿಯಾಗಿ ಹಾಕಿದ್ದಾಯ್ತಾ? ಕೈ ಮುಗಿದಿದೆ, ಕಣ್ಣು ದೇವಿಯ ಮೇಲಿದೆ, ಮನಸ್ಸು ಮಾತ್ರ ಚಪ್ಪಲಿ ಬಿಟ್ಟ ಜಾಗದಲ್ಲಿದೆ. ಹೊರಗೆ ಬಂದ ಮೇಲೆ “ಅಯ್ಯೋ, ಸರಿಯಾಗಿ ನೋಡಲೇ ಇಲ್ವಲ್ಲಾ” ಎಂದು ಪೇಚಾಡಿಕೊಳ್ಳುವವರು ಎಷ್ಟೋ ಮಂದಿ.

ಈ ಓಡುವ ಮನಸ್ಸನ್ನು ಸ್ವಲ್ಪವಾದರೂ ನಿಲ್ಲಿಸುವುದು ಹೇಗೆ? ಅದಕ್ಕಾಗಿ ಹಿರಿಯರು ತೋರಿಸಿಕೊಟ್ಟ ದಾರಿಯೇ ಧ್ಯಾನ.

1. ಮನಸ್ಸು ಓಡುವುದು ಯಾರೊಬ್ಬರ ತಪ್ಪೂ ಅಲ್ಲ

“ನನ್ನ ಮನಸ್ಸೇ ಸರಿಯಿಲ್ಲ, ಬೇರೆಯವರಿಗೆಲ್ಲ ನಿಲ್ಲುತ್ತೆ, ನನಗೆ ಮಾತ್ರ ನಿಲ್ಲೋದಿಲ್ಲ” ಎಂದುಕೊಳ್ಳುವವರು ಬಹಳ. ಇದು ತಪ್ಪು ತಿಳಿವಳಿಕೆ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನದೂ ಇದೇ ದೂರು. ಗಾಳಿಯನ್ನು ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟವೋ ಮನಸ್ಸನ್ನು ಹಿಡಿಯುವುದೂ ಅಷ್ಟೇ ಕಷ್ಟ ಎಂದು ಅವನು ಶ್ರೀಕೃಷ್ಣನಲ್ಲಿ ಹೇಳಿಕೊಳ್ಳುತ್ತಾನೆ. ಗುರಿಯಿಟ್ಟು ಬಾಣ ಬಿಡುವುದರಲ್ಲಿ ಸಾಟಿಯಿಲ್ಲದ ಅರ್ಜುನನ ಪಾಡೇ ಹೀಗಾದರೆ, ಸಂಸಾರದ ನೂರು ಚಿಂತೆ ಹೊತ್ತವರ ಮಾತೇನು! ಕೃಷ್ಣ ಅವನನ್ನು ಬೈಯುವುದಿಲ್ಲ. ಕಷ್ಟ ಎನ್ನುವುದು ನಿಜ ಎಂದು ಮೊದಲು ಒಪ್ಪಿಕೊಂಡು, ಆಮೇಲೆ ಅಭ್ಯಾಸ ಮತ್ತು ವೈರಾಗ್ಯ ಎಂಬ ಎರಡು ಉಪಾಯ ಹೇಳುತ್ತಾನೆ. ಪತಂಜಲಿ ಮಹರ್ಷಿಗಳ ಯೋಗಸೂತ್ರದ ಮೊದಲ ಪಾದದಲ್ಲೂ ಬರುವುದು ಇದೇ ಎರಡು ಮಾತು.

ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಹೋಲಿಸಿದರು. ಬೆಟ್ಟದ ಮೆಟ್ಟಿಲ ಪಕ್ಕದ ಕೋತಿಗಳನ್ನು ನೋಡಿದವರಿಗೆ ಈ ಹೋಲಿಕೆ ಎಷ್ಟು ಸರಿ ಎಂದು ಬೇರೆ ಹೇಳಬೇಕಾಗಿಲ್ಲ. ಕೈಯಲ್ಲಿ ಬಾಳೆಹಣ್ಣು ಇರುವಾಗಲೇ ಅದರ ಕಣ್ಣು ಪಕ್ಕದವರ ತೆಂಗಿನಕಾಯಿ ಮೇಲಿರುತ್ತದೆ.

ಇಂದಿನ ವಿಜ್ಞಾನವೂ ಇದನ್ನೇ ಹೇಳುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಮನೋವಿಜ್ಞಾನಿಗಳು 2,250 ಮಂದಿಗೆ ದಿನದ ಯಾವುದೋ ಹೊತ್ತಿನಲ್ಲಿ ಮೊಬೈಲ್ ಮೂಲಕ ‘ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ’ ಎಂದು ಕೇಳಿ ನೋಡಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಎಚ್ಚರವಿರುವ ಸಮಯದಲ್ಲಿ ಶೇಕಡಾ 47ರಷ್ಟು ಹೊತ್ತು ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲೇ ಇಲ್ಲ. ಹಾಗೆ ಮನಸ್ಸು ಬೇರೆಡೆ ಹೋದಾಗ ಜನ ಹೆಚ್ಚು ಸಂತೋಷವಾಗಿಯೂ ಇರಲಿಲ್ಲ. ಆದ್ದರಿಂದ ಓಡುವುದು ಮನಸ್ಸಿನ ಸ್ವಭಾವ. ಅದಕ್ಕಾಗಿ ನಾಚಿಕೆಪಡಬೇಕಾದ್ದಿಲ್ಲ.

2. ಒಂದು ದೃಷ್ಟಾಂತ

ಒಬ್ಬ ತಾಯಿ. ಯಜಮಾನರು ತೀರಿಹೋಗಿ ವರ್ಷವಾಗಿದೆ. ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ಯಾರೋ ಹೇಳಿದರೆಂದು ಬೆಳಿಗ್ಗೆ ಹತ್ತು ನಿಮಿಷ ಧ್ಯಾನಕ್ಕೆ ಕೂರಲು ಶುರುಮಾಡಿದರು. ಕಣ್ಣು ಮುಚ್ಚಿದರೆ ಸಾಕು, ಆಸ್ಪತ್ರೆಯ ಕೊನೆಯ ದಿನಗಳು, ಆಗ ಆಡಿದ ಮಾತು, ಆಡದೆ ಉಳಿದ ಮಾತು ಎಲ್ಲ ಬಂದು ಮುತ್ತಿಕೊಳ್ಳುತ್ತಿದ್ದವು. ಮೂರು ತಿಂಗಳಾದ ಮೇಲೆ “ಇದು ನನ್ನ ಕೈಲಾಗೋದಲ್ಲ” ಎಂದು ಬಿಟ್ಟುಬಿಟ್ಟರು.

ಒಂದು ದಿನ ಅವರು ಬೆಟ್ಟ ಹತ್ತುತ್ತಾ ನಂದಿಯ ಹತ್ತಿರ ದಣಿವಾರಿಸಿಕೊಳ್ಳಲು ಕೂತರು. ಅಲ್ಲಿ ಸೌತೆಕಾಯಿ ಮಾರುತ್ತಿದ್ದ ಮುದುಕರೊಬ್ಬರು ಕೇಳಿದರು:

“ಯಾಕವ್ವಾ, ಮೊಕ ಇಷ್ಟು ಸಪ್ಪಗದೆ?”

“ಏನಿಲ್ಲ ತಾತ. ಮನಸ್ಸು ಒಂದು ಕಡೆ ನಿಲ್ತಾ ಇಲ್ಲ. ಧ್ಯಾನ ಮಾಡೋಣ ಅಂತ ಕೂತ್ರೆ ಹತ್ತು ನಿಮಿಷದಲ್ಲಿ ನಲವತ್ತು ಸಾರಿ ಓಡಿಹೋಗುತ್ತೆ.”

“ಓಡೋಯ್ತು ಅಂತ ನಿಂಗೆ ಹೆಂಗವ್ವಾ ಗೊತ್ತಾಯ್ತದೆ?”

“ಗೊತ್ತಾಗುತ್ತಲ್ಲ ತಾತ, ಆಗ ವಾಪಸ್ ಎಳ್ಕೊಂಡು ಬರ್ತೀನಿ.”

ತಾತ ನಕ್ಕರು. “ಹಂಗಾದ್ರೆ ನಲವತ್ತು ಸಾರಿ ವಾಪಸ್ ತಂದಿದ್ದೀಯ ಅಂತಾಯ್ತು! ಹೊಸಾ ಕರಾ ಗೂಟಕ್ಕೆ ಕಟ್ಟಿದ್ದು ನೋಡಿದ್ದೀಯಾ? ಮೊದಲ್ನೇ ದಿವ್ಸ ಹಗ್ಗ ಎಳ್ದಾಡ್ತದೆ, ಕುಣೀತದೆ, ಅರಚ್ತದೆ. ಹೊಡುದ್ರೆ ಇನ್ನೂ ಜಾಸ್ತಿ ಕುಣೀತದೆ. ಅದು ಕುಣಿಯೋದು ಕುಣೀಲಿ ಬುಡು. ಗೂಟ ಮಾತ್ರ ಅಲ್ಲಾಡಬಾರ್ದು ಅಷ್ಟೇಯ. ನಾಕು ದಿವ್ಸ ಹೋದ್ರೆ ಗೂಟದ ತಾವೇ ಬಂದು ಮನೀಕತ್ತದೆ.”

ತಾಯಿ ಎದುರಿಗಿದ್ದ ನಂದಿಯನ್ನು ನೋಡಿದರು. ಮನಸ್ಸು ಓಡಿದ್ದನ್ನು ಮಾತ್ರ ಲೆಕ್ಕ ಹಾಕಿದ್ದರೇ ಹೊರತು ಅದನ್ನು ಮರಳಿ ತಂದದ್ದನ್ನು ಅವರು ಒಮ್ಮೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಧ್ಯಾನಕ್ಕೆ ಕೂತರು. ಆಸ್ಪತ್ರೆಯ ನೆನಪು ಅಂದೂ ಬಂತು. ಆದರೆ ಅದು ಬಂದದ್ದಕ್ಕೆ ತಮ್ಮನ್ನು ತಾವು ಬೈದುಕೊಳ್ಳಲಿಲ್ಲ.

ಈ ದೃಷ್ಟಾಂತದ ತಾತ್ಪರ್ಯ ಇಷ್ಟೆ: ಯೋಚನೆಯೇ ಬಾರದಂತೆ ಮಾಡುವುದು ಧ್ಯಾನವಲ್ಲ. ಹೋದ ಮನಸ್ಸನ್ನು ಬೇಸರಿಸದೆ ಮರಳಿ ತರುವುದೇ ಧ್ಯಾನ. ಗೀತೆಯ ಅದೇ ಆರನೆಯ ಅಧ್ಯಾಯದಲ್ಲಿ ಕೃಷ್ಣನ ಸೂಚನೆಯೂ ಇದೇ. ಮನಸ್ಸು ಎತ್ತೆತ್ತ ಹರಿದುಹೋಗುತ್ತದೋ ಅಲ್ಲಲ್ಲಿಂದ ಅದನ್ನು ಹಿಂದಕ್ಕೆ ತರಬೇಕು ಎನ್ನುತ್ತಾನೆಯೇ ಹೊರತು, ಒಮ್ಮೆಯೂ ಹೋಗಲೇಕೂಡದು ಎನ್ನುವುದಿಲ್ಲ.

3. ಬೆಟ್ಟ ಹತ್ತುವಾಗಲೇ ಮೊದಲ ಪಾಠ

ಧ್ಯಾನಕ್ಕೆ ಕಾಡಿಗೇ ಹೋಗಬೇಕೆಂದಿಲ್ಲ. ಬೆಟ್ಟದ ಬುಡದಿಂದ ಮೇಲಿನವರೆಗೆ ಸಾವಿರದಷ್ಟು ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲೂ ಒಂದೊಂದು ಜಪಮಣಿ ಎಂದು ತಿಳಿದು ಹತ್ತಬಹುದು.

ಹತ್ತಲು ಶುರುಮಾಡುವ ಮೊದಲು ಮೊಬೈಲನ್ನು ಸದ್ದಿಲ್ಲದಂತೆ ಮಾಡಿ ಚೀಲದೊಳಗೆ ಇಡಬೇಕು. ಒಂದು ಮೆಟ್ಟಿಲಿಗೆ ಒಂದು ನಾಮ. ಅಮ್ಮನವರ ಹೆಸರಾಗಬಹುದು, ಅವರವರ ಮನೆದೇವರ ಹೆಸರಾಗಬಹುದು. ಪಾದ ಕಲ್ಲಿಗೆ ತಾಗುವುದು ಗಮನದಲ್ಲಿರಲಿ. ಇಪ್ಪತ್ತು ಮೆಟ್ಟಿಲು ಆಗುವಷ್ಟರಲ್ಲಿ ಮನಸ್ಸು ಊರಿನ ಜಮೀನಿಗೋ ಆಫೀಸಿಗೋ ಹೋಗಿರುತ್ತದೆ. ಗೊತ್ತಾದ ತಕ್ಷಣ ಮುಂದಿನ ಮೆಟ್ಟಿಲಿಗೆ ಮತ್ತೆ ನಾಮ ಹಿಡಿಯಬೇಕು. ಎಲ್ಲಿ ತಪ್ಪಿತು, ಎಷ್ಟು ತಪ್ಪಿತು ಎಂಬ ವಿಚಾರಣೆ ಬೇಡ. ಏದುಸಿರು ಬಂದರೆ ನಿಂತು, ಉಸಿರು ಹದಕ್ಕೆ ಬಂದ ಮೇಲೆ ಮುಂದಕ್ಕೆ ಹೋಗಬೇಕು. ಹೃದಯದ ತೊಂದರೆ, ಮಂಡಿನೋವು ಇರುವವರು ಬಸ್ಸಿನಲ್ಲೇ ಬರಲಿ. ಅಮ್ಮನವರ ಲೆಕ್ಕದಲ್ಲಿ ಅದಕ್ಕೇನೂ ಕಡಿಮೆಯಿಲ್ಲ.

ಅರ್ಧಕ್ಕಿಂತ ಹೆಚ್ಚು ಹತ್ತಿದ ಮೇಲೆ ಸಿಗುವುದೇ ದೊಡ್ಡ ನಂದಿ. 17ನೆಯ ಶತಮಾನದಲ್ಲಿ ಮೈಸೂರನ್ನಾಳಿದ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು. ಎತ್ತರ ಸುಮಾರು 16 ಅಡಿ, ಉದ್ದ ಸುಮಾರು 25 ಅಡಿ. ಕೊರಳಲ್ಲಿ ಗಂಟೆಯ ಸರ, ಮಡಿಸಿದ ಕಾಲು, ಸುಮ್ಮನೆ ಮಲಗಿರುವ ಭಂಗಿ. ಬಿಸಿಲು, ಮಳೆ, ಫೋಟೊ ತೆಗೆಸಿಕೊಳ್ಳುವವರ ಗದ್ದಲ ಯಾವುದೂ ಅದರ ಕೂರುವಿಕೆಯನ್ನು ಕದಲಿಸಿಲ್ಲ. ಇಲ್ಲಿ ಐದು ನಿಮಿಷ ಮಾತಿಲ್ಲದೆ ಕೂತು ಮುಂದೆ ಹೋಗುವುದು ಒಳ್ಳೆಯದು.

4. ಮನೆಯಲ್ಲಿ ಮಾಡುವ ಕ್ರಮ

ಬೆಟ್ಟಕ್ಕೆ ವರ್ಷಕ್ಕೊಮ್ಮೆ ಬರಬಹುದು, ಮನಸ್ಸು ಮಾತ್ರ ದಿನವೂ ಜೊತೆಯಲ್ಲೇ ಇರುತ್ತದೆ. ಆದ್ದರಿಂದ ನಿತ್ಯದ ಅಭ್ಯಾಸ ಬೇಕು.

ಸಮಯ: ದಿನಕ್ಕೆ ಒಂದೇ ಹೊತ್ತು. ಬೆಳಿಗ್ಗೆ ಆದರೆ ಉತ್ತಮ. ಮೊದಲು ಐದು ನಿಮಿಷ ಸಾಕು. ರೂಢಿಯಾದ ಹಾಗೆ ಹತ್ತು, ಹದಿನೈದಕ್ಕೆ ಏರಿಸಬಹುದು. ಒಂದು ದಿನ ಒಂದು ಗಂಟೆ ಕೂತು ವಾರವೆಲ್ಲ ಬಿಡುವುದಕ್ಕಿಂತ ದಿನಾ ಐದು ನಿಮಿಷ ಮೇಲು.

ಆಸನ: ತೀರಾ ಎತ್ತರವೂ ಅಲ್ಲದ, ತೀರಾ ತಗ್ಗೂ ಅಲ್ಲದ ಜಾಗ. ಚಾಪೆಯೋ ಮಣೆಯೋ ಸಾಕು. ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಪಾದ ಊರಿ ಕೂರಬಹುದು. ಬೆನ್ನು, ಕತ್ತು, ತಲೆ ನೆಟ್ಟಗಿರಲಿ, ಬಿಗಿ ಬೇಡ.

ಉಸಿರು: ಮೂಗಿನಿಂದ ಮೆಲ್ಲಗೆ ಎಳೆದುಕೊಂಡು, ಅದಕ್ಕಿಂತ ತುಸು ಹೆಚ್ಚು ಹೊತ್ತು ಬಿಡಬೇಕು. ಇದಕ್ಕೆ ದೇಹದಲ್ಲೇ ಕಾರಣವಿದೆ. ಉಸಿರು ಎಳೆದುಕೊಳ್ಳುವಾಗ ಹೃದಯದ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ಸ್ವಲ್ಪ ನಿಧಾನವಾಗುತ್ತದೆ. ಮೆದುಳಿನ ಬುಡದಿಂದ ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೂ ಇಳಿಯುವ ವೇಗಸ್ ಎಂಬ ನರ ಈ ಕೆಲಸ ಮಾಡುತ್ತದೆ. ನಿಧಾನವಾಗಿ ಉಸಿರು ಬಿಟ್ಟಾಗ ದೇಹಕ್ಕೆ ‘ಗಾಬರಿಯಿಲ್ಲ’ ಎಂಬ ಸುದ್ದಿ ಮುಟ್ಟುತ್ತದೆ. ದೇಹ ಸಮಾಧಾನವಾದರೆ ಮನಸ್ಸಿಗೂ ಹಾದಿ ಸುಲಭ. ಹೀಗೆ ಆರೇಳು ಸಾರಿ ಆದ ಮೇಲೆ ಉಸಿರನ್ನು ಅದರ ಪಾಡಿಗೆ ಬಿಡಬೇಕು. ಉಸಿರು ಕಟ್ಟಿ ಹಿಡಿಯುವ ಸಾಹಸ ಗುರುಮುಖೇನ ಕಲಿಯದೆ ಬೇಡ.

ಗೂಟ: ತಾತ ಹೇಳಿದ ಗೂಟ ಯಾವುದಾದರೂ ಒಂದೇ ಇರಲಿ. ಮೂಗಿನ ತುದಿಯಲ್ಲಿ ಉಸಿರು ಆಡುವುದನ್ನು ಗಮನಿಸಬಹುದು, ಒಂದರಿಂದ ಹತ್ತರವರೆಗೆ ಉಸಿರೆಣಿಸಬಹುದು, ಇಷ್ಟದೇವರ ನಾಮ ಹಿಡಿಯಬಹುದು. ಇವತ್ತು ಇದು, ನಾಳೆ ಅದು ಎಂದು ಬದಲಾಯಿಸುತ್ತಾ ಹೋದರೆ ಕರುವಿಗೆ ತನ್ನ ಗೂಟ ಯಾವುದೆಂದೇ ತಿಳಿಯುವುದಿಲ್ಲ.

ಮರಳಿ ತರುವುದು: ಯೋಚನೆ ಬಂದದ್ದು ಅರಿವಾದಾಗ ಮನಸ್ಸಿನಲ್ಲೇ ‘ಇದು ಚಿಂತೆ’, ‘ಇದು ನೆನಪು’, ‘ಇದು ಸಿಟ್ಟು’ ಎಂದು ಹೆಸರಿಟ್ಟು, ಮತ್ತೆ ಗೂಟಕ್ಕೆ ಬರಬೇಕು. ಸಿಟ್ಟು, ಬೈಗುಳ ಬೇಡ.

ಮುಗಿಸುವುದು: ದಡಕ್ಕನೆ ಏಳಬಾರದು. ಕೈಗಳನ್ನು ಉಜ್ಜಿ ಕಣ್ಣಿಗೆ ಒತ್ತಿಕೊಂಡು, ಮನೆಯವರೆಲ್ಲರಿಗೂ ಒಳ್ಳೆಯದಾಗಲಿ ಎಂದು ನೆನೆದು ಏಳಬೇಕು.

5. ಭಕ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಕೂತ ಕೂಡಲೇ ನಿದ್ದೆ ಬರುತ್ತೆ, ಏನು ಮಾಡಬೇಕು?
ಉತ್ತರ: ರಾತ್ರಿ ನಿದ್ದೆ ಸಾಲದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು. ಊಟವಾದ ಕೂಡಲೇ ಕೂರಬಾರದು. ಆದರೂ ತೂಕಡಿಕೆ ಬಂದರೆ ಕಣ್ಣು ಅರೆ ತೆರೆದು ದೀಪವನ್ನು ನೋಡುತ್ತಾ ಕೂರಬಹುದು.

ಪ್ರಶ್ನೆ: ಧ್ಯಾನ ಶುರುಮಾಡಿದ ಮೇಲೆ ಯೋಚನೆ ಇನ್ನೂ ಜಾಸ್ತಿಯಾಗಿದೆಯಲ್ಲ?
ಉತ್ತರ: ಬಹುಪಾಲು ಜಾಸ್ತಿಯಾಗಿರುವುದಿಲ್ಲ, ಕಣ್ಣಿಗೆ ಬೀಳಲು ಶುರುವಾಗಿರುತ್ತದೆ. ಮುಚ್ಚಿದ ಕೋಣೆಯ ಕಿಟಕಿ ತೆರೆದು ಬೆಳಕು ಬಿದ್ದಾಗ ಧೂಳು ಕಾಣುವುದಿಲ್ಲವೇ, ಹಾಗೆ. ಧೂಳು ಮೊದಲೂ ಇತ್ತು.

ಪ್ರಶ್ನೆ: ಫಲ ಯಾವಾಗ ಸಿಗುತ್ತೆ?
ಉತ್ತರ: ಬಹಳ ಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ಗಟ್ಟಿಯಾಗುತ್ತದೆ ಎಂಬುದು ಪತಂಜಲಿಗಳ ಅಭಿಪ್ರಾಯ. ಅವರು ಪಟ್ಟಿ ಮಾಡಿದ ಒಂಬತ್ತು ಅಡ್ಡಿಗಳಲ್ಲಿ ಕಾಯಿಲೆ, ಸಂಶಯ, ಆಲಸ್ಯಗಳ ಜೊತೆಗೆ, ಸಿಕ್ಕಿದ ಸ್ಥಿತಿಯಲ್ಲಿ ನಿಲ್ಲಲಾಗದಿರುವುದೂ ಒಂದು. ಅಂದರೆ ಒಂದು ದಿನ ಮನಸ್ಸು ಚೆನ್ನಾಗಿ ನಿಂತು ಮರುದಿನ ಮತ್ತೆ ಕುಣಿದರೆ ಅದು ಎಲ್ಲರ ಅನುಭವವೇ. ಫಲ ಕಾಣುವುದು ಧ್ಯಾನಕ್ಕೆ ಕೂತಾಗಲ್ಲ, ಎದ್ದ ಮೇಲೆ. ಸೊಸೆ ಹಾಲು ಉಕ್ಕಿಸಿದಾಗ ಬಾಯಿಗೆ ಬಂದ ಮಾತು ಅಲ್ಲೇ ನಿಂತರೆ, ಆ ದಿನದ ಧ್ಯಾನ ಫಲಿಸಿತು ಎಂದೇ ಅರ್ಥ.

ಪ್ರಶ್ನೆ: ವೈರಾಗ್ಯ ಎಂದರೆ ಸಂಸಾರ ಬಿಡಬೇಕೇ?
ಉತ್ತರ: ಹಾಗೇನಿಲ್ಲ. ಬಂದ ಪ್ರತಿಯೊಂದು ಯೋಚನೆಯ ಹಿಂದೆಯೂ ಎದ್ದು ಹೋಗದಿರುವುದೇ ಗೃಹಸ್ಥರ ಮೊದಲ ವೈರಾಗ್ಯ. ಬಾಗಿಲಲ್ಲಿ ಹೋಗಿಬರುವವರನ್ನೆಲ್ಲ ಒಳಗೆ ಕರೆದು ಕಾಫಿ ಕೊಡಬೇಕಾಗಿಲ್ಲ.

6. ಒಂದು ಎಚ್ಚರಿಕೆಯ ಮಾತು

ಧ್ಯಾನ ಒಳ್ಳೆಯದು, ಆದರೆ ಎಲ್ಲ ಕಾಯಿಲೆಗೂ ಅದೇ ಔಷಧ ಎಂದು ತಿಳಿಯಬಾರದು. ವಾರಗಟ್ಟಲೆ ನಿದ್ದೆ ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಯಾರಿಗೂ ಕೇಳದ ದನಿ ಕೇಳಿಸಿದರೆ, ಬದುಕೇ ಬೇಡ ಅನ್ನಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕೂತಾಗಲೆಲ್ಲ ಭಯ, ಸಂಕಟ ಹೆಚ್ಚುತ್ತಲೇ ಹೋದರೆ ಧ್ಯಾನ ನಿಲ್ಲಿಸಿ, ತಿಳಿದವರಲ್ಲಿ ಕೇಳಬೇಕು. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 2022ರಿಂದ ನಡೆಯುತ್ತಿದೆ. 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ಧ್ಯಾನದ ನೆಪದಲ್ಲಿ ಬಿಡಬಾರದು. ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಲು ನಾಚದವರು ಮನಸ್ಸಿನ ನೋವಿಗೂ ನಾಚಬೇಕಾಗಿಲ್ಲ.

7. ಇಳಿಯುವ ಮುನ್ನ

ದರ್ಶನ ಮುಗಿಸಿ, ಪ್ರಸಾದ ಕಟ್ಟಿಸಿಕೊಂಡು ಬೆಟ್ಟ ಇಳಿಯುವಾಗ ಕೆಳಗೆ ಮೈಸೂರು ನಗರ ಕಾಣಿಸುತ್ತದೆ. ಹತ್ತುವಾಗ ಬಿಟ್ಟುಬಂದ ಸಾಲ, ಚಿಂತೆ, ಜಗಳ ಎಲ್ಲ ಅಲ್ಲೇ ಕೆಳಗೆ ಕಾಯುತ್ತಿರುತ್ತವೆ. ಅವು ಮಾಯವಾಗಿರುವುದಿಲ್ಲ. ಆದರೆ ಒಂದು ಮೆಟ್ಟಿಲಿಗೆ ಒಂದು ನಾಮ ಹಿಡಿದು ಹತ್ತಿದವರಿಗೆ ಇಳಿಯುವಾಗಲೂ ಅದೇ ನಾಮ ಕೈಹಿಡಿಯುತ್ತದೆ.

ಮನಸ್ಸು ನೂರು ಸಾರಿ ಹೋದರೆ ನೂರೊಂದನೆಯ ಸಾರಿಯೂ ಅದನ್ನು ಮರಳಿ ತರಬಹುದು. ಮನೆ ಬಿಟ್ಟು ಹೋದ ಮಗು ಎಷ್ಟು ಹೊತ್ತಿಗೆ ಬಂದರೂ ತಾಯಿ ಬಾಗಿಲು ತೆರೆಯುವಂತೆ, ಅಮ್ಮನವರ ನೆನಪಿನ ಬಾಗಿಲೂ ಯಾವಾಗಲೂ ತೆರೆದೇ ಇರುತ್ತದೆ.

ತಾಯಿ ಚಾಮುಂಡೇಶ್ವರಿಯು ಬೆಟ್ಟಕ್ಕೆ ಬಂದ ಸಕಲರಿಗೂ ಮನಃಶಾಂತಿಯನ್ನು ಕರುಣಿಸಲಿ.

॥ ಶುಭಮಸ್ತು ॥