ಮೊಲದ ಹಲ್ಲು, ವಿಮೆಯ ಕಂತು

ಬ್ರಿಟನ್ನಿನಲ್ಲಿ ಮೊಲಕ್ಕೂ ವಿಮೆ ಉಂಟು ಎಂದರೆ ಊರಿನಲ್ಲಿ ಅಮ್ಮ ನಗುತ್ತಾರೆ. ನಗಲಿ. ಮಗಳ ಹಟಕ್ಕೆ ರೆಡಿಂಗ್‌ನ ನಮ್ಮ ಮನೆಗೆ ಜೋಡಿ ಮೊಲ ಬಂದವು. ಅವಕ್ಕೆ ಕೊಟ್ಟ ಬೆಲೆ ಎಲ್ಲಿ, ಒಂದನ್ನು ಭಾನುವಾರ ರಾತ್ರಿ ತುರ್ತು ಚಿಕಿತ್ಸೆಗೆ ಒಯ್ದಾಗ ಬಂದ 580 ಪೌಂಡ್ ಬಿಲ್ಲು ಎಲ್ಲಿ! ಮೂಗಿಗಿಂತ ಮೂಗುತಿ ಭಾರ. ಆದರೂ ಅಂದು ನಾನು ನಿಶ್ಚಿಂತನಾಗಿದ್ದೆ. ಎರಡಕ್ಕೂ ಪಾಲಿಸಿ ಇತ್ತಲ್ಲ.

ಕ್ಲೇಮು ತಿರಸ್ಕೃತವಾಯಿತು. ಮೊಲದ ಕರುಳು ಸ್ತಬ್ಧವಾಗಿದ್ದನ್ನು ಕಂಪನಿ ಒಪ್ಪಿತು. ಆದರೆ ಅದು ಮೇವು ಬಿಟ್ಟದ್ದು ದವಡೆ ಹಲ್ಲು ಚೂಪಾಗಿ ನಾಲಗೆಗೆ ಚುಚ್ಚುತ್ತಿದ್ದರಿಂದ, ಹಲ್ಲು ಪಾಲಿಸಿಯ ಹೊರಗೆ ಎಂದಿತು. ಮೊಲದ ಹಲ್ಲು ಜೀವವಿರುವತನಕ ಬೆಳೆಯುತ್ತದೆ. ಹುಲ್ಲು ಅಗಿದೇ ಅದು ಸವೆಯಬೇಕು. ಸವೆಯದಿದ್ದರೆ ತಿನ್ನಲಾಗದು, ತಿನ್ನದಿದ್ದರೆ ಕರುಳು ನಿಲ್ಲುತ್ತದೆ. ಇದು ಮೊಲ ಸಾಕುವವರೆಲ್ಲ ಭಯಪಡುವ ಸಂಗತಿ. ಅದನ್ನೇ ಬಿಟ್ಟು ಉಳಿದದ್ದಕ್ಕೆ ವಿಮೆ ಮಾರುವವರ ಜೊತೆ ಫೋನಿನಲ್ಲಿ ವಾದಿಸಿ ನೋಡಿ: ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಕೋಪ ಬಿಟ್ಟು ಲೆಕ್ಕಕ್ಕೆ ಬರೋಣ. ಮೊಲವನ್ನು ಒಂಟಿಯಾಗಿ ಸಾಕಬಾರದು, ಆದ್ದರಿಂದ ಕಂತೂ ಎರಡು. ತಿಂಗಳಿಗೆ ತಲಾ 13 ಪೌಂಡ್, ಎರಡಕ್ಕೆ 26, ವರ್ಷಕ್ಕೆ 312. ಅದರಲ್ಲಿ ಸುಮಾರು 33 ಪೌಂಡ್ ಶೇ 12ರ ವಿಮಾ ತೆರಿಗೆಯಾಗಿ ಸರ್ಕಾರಕ್ಕೇ ಹೋಗುತ್ತದೆ. ಪ್ರತಿ ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ಎಕ್ಸೆಸ್ 85. ಅಂದರೆ ನನ್ನ ಬಿಲ್ಲನ್ನು ಅವರು ಮನಸಾರೆ ಒಪ್ಪಿದ್ದರೂ ಕೈಗೆ ಬರುತ್ತಿದ್ದುದು 495. ಇದನ್ನು ತಿಂಗಳ 26ರಿಂದ ಭಾಗಿಸಿದರೆ ಹತ್ತೊಂಬತ್ತು ತಿಂಗಳ ಕಂತು. ಎರಡರಲ್ಲಿ ಒಂದಾದರೂ ಹತ್ತೊಂಬತ್ತು ತಿಂಗಳಿಗೊಮ್ಮೆ ಇಷ್ಟೇ ದೊಡ್ಡ ಕಾಯಿಲೆ ಬೀಳಬೇಕು, ಪ್ರತಿ ಸಲವೂ ಕ್ಲೇಮು ಪಾಸಾಗಬೇಕು. ಆಗ ನಾನು ಕೊಟ್ಟದ್ದು ನನಗೆ ಸಮ. ಒಂಬತ್ತು ವರ್ಷ ಬದುಕಿದರೆ ಕಂತೇ 2808, ಅದೂ ವಯಸ್ಸಿನ ಜೊತೆ ಏರದಿದ್ದರೆ. ಏರದೆ ಇರುತ್ತದೆಯೇ?

ಖಂಡಿತ ಬರುವ ಖರ್ಚುಗಳು ಪಾಲಿಸಿಯಲ್ಲಿ ಸೇರುವುದೂ ಇಲ್ಲ. ಮಿಕ್ಸೊಮಾಟೋಸಿಸ್ ಮತ್ತು ರಕ್ತಸ್ರಾವದ ವೈರಸ್ ವಿರುದ್ಧ ವರ್ಷಕ್ಕೊಮ್ಮೆಯ ಲಸಿಕೆ ನಮ್ಮ ಜೇಬಿನದೇ. ಸಂತಾನಹರಣ ಶಸ್ತ್ರಚಿಕಿತ್ಸೆಯೂ ಅಷ್ಟೆ. ಹೆಣ್ಣು ಮೊಲಕ್ಕೆ ಅದನ್ನು ಮಾಡಿಸದಿದ್ದರೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಕಾಡುವ ಅಪಾಯ ಹೆಚ್ಚು, ಆದ್ದರಿಂದ ಅದಕ್ಕೆ ಮೊದಲೇ ಹಣ ತೆಗೆದಿಡಿ.

ನಾನು ಈಗ ಅದೇ 26 ಪೌಂಡನ್ನು ಸಂಬಳದ ಮರುದಿನವೇ ಬೇರೆ ಉಳಿತಾಯ ಖಾತೆಗೆ ಹಾಕುತ್ತೇನೆ. ಹೊಸಬರಿಗೆ ಒಂದು ಷರತ್ತು: ಕೈಯಲ್ಲಿ ಸಾವಿರ ಪೌಂಡ್ ಇಲ್ಲದಿದ್ದರೆ ಅದು ಕೂಡುವವರೆಗೆ ಪಾಲಿಸಿ ಇರಲಿ, ಹಲ್ಲನ್ನು ಒಳಗೊಂಡದ್ದನ್ನೇ ಹುಡುಕಿ. ಒಮ್ಮೆ ಕಾಯಿಲೆ ದಾಖಲಾಯಿತೋ, ಬೇರೆ ಕಂಪನಿಗೆ ಅದು ಹಳೆಯ ರೋಗ.

ಇನ್ನು ದಿನವೂ ಬೆಳಿಗ್ಗೆ ಹಿಕ್ಕೆ ನೋಡಿ. ಕಡಲೆಕಾಳಿನಷ್ಟಿರುವ ಗುಂಡುಗಳು ಸಣ್ಣದಾದರೆ, ಕಡಿಮೆಯಾದರೆ, ಸಂಜೆಗೆ ಕಾಯದೆ ವೆಟ್‌ಗೆ ಫೋನ್ ಮಾಡಿ. ಬಣ್ಣಬಣ್ಣದ ಪೊಟ್ಟಣದ ಮ್ಯೂಸ್ಲಿ ತರಬೇಡಿ, ಒಣಹುಲ್ಲು ಗುಡ್ಡೆಯಾಗಿ ಹಾಕಿ. ಒಣಹುಲ್ಲಿನ ಚೀಲ ಅಗ್ಗ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆಯುವ ವೆಟ್ ಅಲ್ಲ.