ಆಪಾಗೆ ಝಕಾತ್ ಕೊಡಬಹುದೇ?

ಪ್ರಶ್ನೆ: ನಾನು ಶಿಕ್ಷಕಿ. 20 ತೊಲೆ ಚಿನ್ನವಿದೆ, ವರ್ಷವರ್ಷ ಝಕಾತ್ ತೆಗೆಯುತ್ತೇನೆ. ನನ್ನ ಆಪಾ ಉದಯಗಿರಿಯಲ್ಲಿದ್ದಾರೆ. ಭಾವ ತೀರಿಕೊಂಡು ಮೂರು ವರ್ಷ. ಊದುಬತ್ತಿ ಹೊಸೆದು ಮಗನನ್ನು ಪಿಯುಸಿ ಓದಿಸುತ್ತಿದ್ದಾರೆ. ಭಾವನ ಚಿಕಿತ್ಸೆಗೆ ಸಂಘಗಳಲ್ಲಿ, ಗೊತ್ತಿದ್ದವರಲ್ಲಿ ಮಾಡಿದ ಸಾಲ ಇನ್ನೂ 5 ಲಕ್ಷವಿದೆ. ಕಂತಿನವರು ಬಂದು ಬಾಗಿಲಲ್ಲೇ ಕೂರುತ್ತಾರೆ. ಆದರೆ ಆಪಾ ಕೊರಳಲ್ಲಿ ಎರಡು ತೊಲೆಯ ಸರವಿದೆ. 'ಚಿನ್ನ ಇರುವವಳಿಗೆ ಝಕಾತ್ ಸಲ್ಲದು, ಅದೂ ಒಡಹುಟ್ಟಿದವಳಿಗೆ' ಅನ್ನುತ್ತಾರೆ ಅತ್ತೆ. ಅಬ್ಬಾನ ಔಷಧಿಗೆ ಕೊಡು ಅನ್ನುತ್ತಾನೆ ತಮ್ಮ. ಝಕಾತ್ ಎಂದರೆ ಆಪಾ ಮುಟ್ಟುವುದೂ ಇಲ್ಲ. ಹಿಂದೆ ನಾನೇ ಅವರಿಗೆ ಕೊಟ್ಟ 30 ಸಾವಿರ ಸಾಲವನ್ನು ಬಿಟ್ಟುಬಿಟ್ಟರೆ ಝಕಾತ್ ಆಗುತ್ತದೆಯೇ?
— ಹೆಸರು ಬೇಡ, ರಾಜೀವನಗರ, ಮೈಸೂರು

ಉತ್ತರ: ಕೊಡಬಹುದು ತಂಗೀ. ನಿಮ್ಮ ಝಕಾತಿಗೆ ಆಪಾಗಿಂತ ಹತ್ತಿರದ ಹಕ್ಕುದಾರರು ನನಗಂತೂ ಕಾಣುತ್ತಿಲ್ಲ.

ಒಡಹುಟ್ಟಿದವರಿಗೆ ಸಲ್ಲದು ಎಂಬ ಮಾತು ಎಲ್ಲಿಂದ ಬಂತೋ, ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಸಲ್ಲದಿರುವುದು ತಂದೆ, ತಾಯಿ, ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಮತ್ತು ಗಂಡಹೆಂಡಿರ ನಡುವೆ. ಅಬ್ಬಾನ ಔಷಧಿ ನಿಮ್ಮ ಮತ್ತು ತಮ್ಮನ ಹೊಣೆ. ಅದು ಸಂಬಳದಿಂದ ಹೋಗಬೇಕು, ಝಕಾತಿನಿಂದಲ್ಲ. ಅಕ್ಕ, ತಮ್ಮ, ಚಿಕ್ಕಮ್ಮ, ಸೋದರಮಾವ ಬಡವರಾಗಿದ್ದರೆ ಅವರಿಗೆ ಕೊಟ್ಟದ್ದಕ್ಕೆ ಎರಡು ಪುಣ್ಯ: ದಾನದ್ದೊಂದು, ಬಂಧುತ್ವ ಉಳಿಸಿದ್ದೊಂದು. ಇದು ಪ್ರವಾದಿಯವರೇ ಹೇಳಿದ್ದು.

ಇನ್ನು ಸರದ ಮಾತು. ನೀವು ಹನಫಿಗಳೆಂದು ತಿಳಿದು ಬರೆಯುತ್ತಿದ್ದೇನೆ. ಮೈಸೂರಿನ ಉರ್ದು ಮಾತಿನ ಮನೆಗಳು ಬಹುಪಾಲು ಹಾಗೆಯೇ. (ಕರಾವಳಿಯ ಬ್ಯಾರಿಗಳಂತೆ ಶಾಫಿಗಳಾಗಿದ್ದರೆ ತೊಡುವ ಒಡವೆಯ ಲೆಕ್ಕವೇ ಬೇರೆ.) ಅಷ್ಟಿದ್ದವರಿಗೆ ಝಕಾತ್ ಸಲ್ಲದು ಎಂಬ ಗೆರೆಯೇ ನಿಸಾಬ್: ಏಳೂವರೆ ತೊಲೆ ಚಿನ್ನ, ಅಂದರೆ 87.48 ಗ್ರಾಂ, ಇಲ್ಲವೇ ಐವತ್ತೆರಡೂವರೆ ತೊಲೆ ಬೆಳ್ಳಿ, 612.36 ಗ್ರಾಂ. ಚಿನ್ನದ ಜೊತೆ ಕೈಯಲ್ಲಿ ಒಂದಿಷ್ಟು ನಗದೂ ಇದ್ದರೆ ಎರಡನ್ನೂ ಕೂಡಿಸಿ ಬೆಳ್ಳಿಯ ಬೆಲೆಗೆ ಹೋಲಿಸುತ್ತಾರೆ. ಹಾಗೆ ನೋಡಿದರೆ ಎರಡು ತೊಲೆ ಆ ಗೆರೆಯನ್ನು ದಾಟುತ್ತದೆ, ನಿಮ್ಮ ಅತ್ತೆಯವರ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಆದರೆ ಅವರು ಅರ್ಧ ಲೆಕ್ಕಕ್ಕೇ ನಿಲ್ಲಿಸಿದ್ದಾರೆ. ಸಾಲ ಕಳೆಯಬೇಕು. ಸರ ಮಾರಿದರೂ 5 ಲಕ್ಷ ತೀರದು ಎಂದಾದರೆ ಆಪಾ ಹತ್ತಿರ ಉಳಿಯುವುದು ಸೊನ್ನೆಗಿಂತ ಕೆಳಗೆ. ವಾಸದ ಮನೆ, ಪಾತ್ರೆಪಗಡಿ, ದುಡಿಮೆಯ ಸಾಮಾನು ಲೆಕ್ಕಕ್ಕೇ ಬರುವುದಿಲ್ಲ.

ಕುರ್‌ಆನಿನ 9ನೇ ಅಧ್ಯಾಯದ 60ನೇ ವಚನ ಎಂಟು ಬಗೆಯ ಹಕ್ಕುದಾರರನ್ನು ಹೇಳುತ್ತದೆ. ಬಡವರು (ಫಕೀರರು) ಮತ್ತು ದಿಕ್ಕಿಲ್ಲದವರು ಅದರಲ್ಲಿ ಮೊದಲು, ಸಾಲದಲ್ಲಿ ಮುಳುಗಿದವರು ಬೇರೆಯೇ ಒಂದು ಗುಂಪು. ಆಪಾ ಎರಡು ಬಾಗಿಲಿಂದಲೂ ಒಳಗೆ ಬರುತ್ತಾರೆ. ನಮ್ಮ ಮಾತಿನಲ್ಲಿ ಫಕೀರ ಎಂದರೆ ಬೇಡುವವನು. ಆ ವಚನದ ಫಕೀರ ಬೇಡಲೇಬೇಕಿಲ್ಲ. ಕೈಚಾಚದ ಕಾರಣಕ್ಕೇ ಸ್ಥಿತಿವಂತರಂತೆ ಕಾಣುವವರನ್ನು ಗುರುತಿಸಿ ಎಂದು 2ನೇ ಅಧ್ಯಾಯದ 273ನೇ ವಚನ ಎಚ್ಚರಿಸುತ್ತದೆ. ರಂಜಾನಿನ ಕೊನೆಯ ವಾರ ಅಂಗಡಿಗಳ ಮುಂದೆ ಒಂದೊಂದು ನೋಟಿಗಾಗಿ ಬಿಸಿಲಲ್ಲಿ ಸಾಲುನಿಂತ ಹೆಂಗಸರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಸಾಲಿಗೆ ಬರಲಾರದೆ ಮನೆಯೊಳಗೇ ಕುಗ್ಗಿದವರನ್ನು ನೆನೆದಾಗ ಅದಕ್ಕಿಂತ ಹೆಚ್ಚು.

ಆದ್ದರಿಂದ ಆಪಾಗೆ 'ಇದು ಝಕಾತ್' ಎಂದು ಹೇಳಲೇಬೇಡಿ. ಹೇಳಬೇಕೆಂಬ ಷರತ್ತೇ ಇಲ್ಲ. ಕೊಡುವಾಗ ನಿಮ್ಮ ಮನಸ್ಸಿನಲ್ಲಿ ನಿಯ್ಯತ್ ಇದ್ದರೆ ಸಾಕು. ಮಗನ ಫೀಸಿಗೆ ಅನ್ನಿ, ಈದಿ ಅನ್ನಿ.

ಹಳೆಯ 30 ಸಾವಿರವನ್ನು ಬಿಟ್ಟುಬಿಟ್ಟರೆ ಝಕಾತ್ ಆಗುವುದಿಲ್ಲ. ಹಣ ಅವರ ಕೈ ಸೇರಿ ಅವರದಾಗಬೇಕು. ಬಿಟ್ಟುಬಿಡಿ, ಆದರೆ ಅದನ್ನು ಬೇರೆಯೇ ಸದಕಾ ಎಂದು ಎಣಿಸಿ. ಕಂತನ್ನು ನೀವೇ ನೇರ ಕಟ್ಟುವುದಾದರೆ ಆಪಾ ಒಪ್ಪಿಗೆ ಪಡೆದು ಕಟ್ಟಿ. ವಸೂಲಿಗೆ ಬಂದವರು ಬೆದರಿಸಿದರೆ ಪೊಲೀಸ್ ಠಾಣೆಗೆ ದೂರು ಕೊಡಿಸಿ. ಬಲವಂತದ ವಸೂಲಿ ತಡೆಯಲೆಂದೇ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ.

ಝಕಾತ್ ನಲವತ್ತರಲ್ಲಿ ಒಂದು ಭಾಗ, ಅಂದರೆ ನಿಮ್ಮ 20 ತೊಲೆಗೆ ಅರ್ಧ ತೊಲೆಯ ಬೆಲೆ. ರಂಜಾನಿಗೆ ಕಾಯಬೇಡಿ, ಮುಂಗಡವಾಗಿ ತಿಂಗಳು ತಿಂಗಳು ಕೊಟ್ಟರೂ ಸಲ್ಲುತ್ತದೆ. ಕಂತಿನವರು ಯಾವತ್ತು ಬರುತ್ತಾರೆಂದು ಮಗನನ್ನು ಕೇಳಿಕೊಂಡು, ಹಿಂದಿನ ದಿನವೇ ಹೋಗಿ ಬನ್ನಿ.